ಆಡುವವರಿಗೆ ಬೂಟು ಕಡ್ಡಾಯ

ಹಾಸನದ ಹಸಿರು ಬಂಗಲೆ ಕ್ಲಬ್ಬಿನಲ್ಲಿ ಕಾಲಿಗೆ ಎರಡು ಕಾನೂನು ಇದ್ದವು. ಒಂದು, ಬಿಲಿಯರ್ಡ್ಸ್ ಹಾಲಿನಲ್ಲಿ ಆಳುಗಳು ಬೂಟು ಮೆಟ್ಟಬಾರದು. ಇನ್ನೊಂದು, ಪಂದ್ಯದ ದಿನ ಆಡುವವರು ಬೂಟಿಲ್ಲದೆ ಟೇಬಲ್ಲಿನ ಹತ್ತಿರ ಬರಬಾರದು. ಎರಡನ್ನೂ ಒಂದೇ ಗಾಜಿನ ಚೌಕಟ್ಟಿನಲ್ಲಿ ಹಾಕಿ ಬಾಗಿಲ ಪಕ್ಕ ತೂಗುಬಿಟ್ಟಿದ್ದರು. ಆ ಗಾಜನ್ನು ಸೋಮವಾರಕ್ಕೊಮ್ಮೆ ಒರೆಸುತ್ತಿದ್ದವನು ಮಂಚಯ್ಯ. ಇಪ್ಪತ್ತೊಂದು ವರ್ಷ ಒರೆಸಿದ್ದ. ಒಂದು ಕಾನೂನು ಇನ್ನೊಂದರ ಕುತ್ತಿಗೆ ಹಿಡಿದಿದೆ ಎಂದು ಅವನಿಗೆ ಯಾವತ್ತೂ ತೋಚಿರಲಿಲ್ಲ. ತೋಚುವ ಸಂದರ್ಭವೂ ಬಂದಿರಲಿಲ್ಲ. ಆಡುವವರು ಬೇರೆ, ಆಳುಗಳು ಬೇರೆ.

ಮಂಚಯ್ಯ ಆ ಕ್ಲಬ್ಬಿನ ಮಾರ್ಕರ್. ಹೆಸರು ಇಂಗ್ಲಿಷಿನದು, ಕೆಲಸ ಜೀತದ್ದು. ಬೆಳಿಗ್ಗೆ ಆರಕ್ಕೆ ಬಂದು ಹನ್ನೆರಡು ಅಡಿ ಉದ್ದದ ಟೇಬಲ್ಲಿನ ಹಸಿರು ಬಟ್ಟೆಗೆ ಬ್ರಷ್ ಹಾಕಬೇಕು. ಆ ಬಟ್ಟೆಯ ನವಿರು ಆಡಿನ ಬೆನ್ನಿನ ಕೂದಲಿನ ಹಾಗೆ ಒಂದೇ ಕಡೆಗೆ ಮಲಗಿರುತ್ತದೆ. ಮಲಗಿದ ಕಡೆಗೇ ಎಳೆಯಬೇಕು. ಎದುರಾಗಿ ಎಳೆದರೆ ಚೆಂಡು ದಾರಿ ತಪ್ಪುತ್ತದೆ, ಬೈಗುಳ ಮಾತ್ರ ದಾರಿ ತಪ್ಪದೆ ಮಂಚಯ್ಯನ ಹತ್ತಿರ ಬರುತ್ತದೆ. ವಾರಕ್ಕೊಂದು ಸಲ ಬಟ್ಟೆಗೆ ಇಸ್ತ್ರಿ. ಆ ಇಸ್ತ್ರಿಪೆಟ್ಟಿಗೆಯನ್ನು ಎತ್ತಿದರೆ ಭುಜ ಕಳಚಿ ಬರುತ್ತಿತ್ತು. ಮೊದಲು ಹಳೆಯ ಪೇಪರಿನ ಮೇಲೆ ಇಟ್ಟು ನೋಡಬೇಕು. ಪೇಪರು ಕಂದಿದರೆ ಕಾವು ಹೆಚ್ಚಾಗಿದೆ ಎಂದು ಅರ್ಥ. ಸಂಜೆ ಸಾಹೇಬರುಗಳು ಬಂದ ಮೇಲೆ ನಿಂತಿರಬೇಕು. ಟೇಬಲ್ಲಿನ ಅಂಚಿನ ತೂತಿಗೆ ಕಟ್ಟಿದ ಬಲೆಗೆ ಬಿದ್ದ ಚೆಂಡನ್ನು ಬಗ್ಗಿ ತೆಗೆಯಬೇಕು, ಒರೆಸಬೇಕು, ಅದರ ಜಾಗದಲ್ಲಿ ಇಡಬೇಕು. ಅಂಕ ಕೂಗಬೇಕು, ಗೋಡೆಯ ಹಲಗೆಯಲ್ಲಿ ಸರಿಸಬೇಕು. ಕೂರುವ ಹಾಗಿಲ್ಲ. ಗೋಡೆಗೆ ಒರಗುವ ಹಾಗಿಲ್ಲ. ನಡೆದರೆ ಸದ್ದಾಗುವ ಹಾಗಿಲ್ಲ.

ಅವನು ಮುಟ್ಟಿದ ಚೆಂಡನ್ನು ಎಲ್ಲರೂ ಮುಟ್ಟುತ್ತಿದ್ದರು. ಅವನು ಒರೆಸಿಕೊಟ್ಟ ಕೋಲನ್ನು ಎದೆಗೆ ಒತ್ತಿಕೊಂಡು ಆಡುತ್ತಿದ್ದರು. ನೀರಿನ ಹೂಜಿಯನ್ನು ಮಾತ್ರ ಅವನು ಮುಟ್ಟಬಾರದು. ಅದಕ್ಕೆ ಗಂಗಯ್ಯ ಎಂಬ ಬೇರರ್ ಇದ್ದ. ಬೆಸ್ತರವನು. ಹೊಲೆಯರ ಮಂಚಯ್ಯನಿಗಿಂತ ತಾನು ಒಂದು ಮೆಟ್ಟಿಲು ಮೇಲೆ ಎಂದು ಗಂಗಯ್ಯ ತಿಳಿದಿದ್ದ. ಆದರೆ ಬರಿಗಾಲಿನ ಕಾನೂನು ಇಬ್ಬರಿಗೂ ಒಂದೇ ಆಗಿತ್ತು.

ಜೊತೆಗಾರರು ಸಿಗದ ದಿನ ಸಾಹೇಬರುಗಳಿಗೆ ಎದುರು ಆಡಲು ಒಬ್ಬ ಬೇಕಾಗುತ್ತದೆ. ಆ ಒಬ್ಬ ಮಂಚಯ್ಯ. ಆಡಬೇಕು, ಗೆಲ್ಲಬಾರದು. ಹಾಗಂತ ನೆಗೆದುಬಿದ್ದು ಸೋಲಲೂಬಾರದು, ಸಾಹೇಬರಿಗೆ ಬೇಜಾರಾಗುತ್ತದೆ. ಎರಡು ಅಂಕದಲ್ಲಿ ಸೋಲಬೇಕು. ಗೆಲ್ಲುವುದಕ್ಕೆ ಎಷ್ಟು ಕಲಿಯಬೇಕೋ ಎರಡೇ ಅಂಕದಲ್ಲಿ ಸೋಲುವುದಕ್ಕೆ ಅದರ ಎರಡರಷ್ಟು ಕಲಿಯಬೇಕು. ಮಂಚಯ್ಯ ಕಲಿತಿದ್ದ. ಹಾಸನ ಜಿಲ್ಲೆಯಲ್ಲಿ ಅವನಷ್ಟು ಚೆನ್ನಾಗಿ ಸೋಲುವವನು ಇನ್ನೊಬ್ಬನಿರಲಿಲ್ಲ.

ಸಾವಿರದ ಒಂಬೈನೂರ ಅರವತ್ತಮೂರರಲ್ಲಿ ಕ್ಲಬ್ಬಿನವರೇ ಒಂದು ತಪ್ಪು ಮಾಡಿದರು. ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ, ಈ ನಾಲ್ಕು ಊರಿನ ಕ್ಲಬ್ಬುಗಳ ನಡುವೆ ವರ್ಷಕ್ಕೊಂದು ಪಂದ್ಯ ನಡೆಯುತ್ತಿತ್ತು. ಊರಿಗೊಬ್ಬ ಆಟಗಾರ. ಮೂರು ವರ್ಷದಿಂದ ಬೆಳ್ಳಿ ಕಪ್ಪು ಚನ್ನರಾಯಪಟ್ಟಣದ ಅಕ್ಕಿ ಗಿರಣಿಯ ಪಾಲಾಕ್ಷನ ಮನೆಯ ಅಲಮಾರಿನಲ್ಲೇ ಕೂತಿತ್ತು. ಹಾಸನದ ಸೆಕ್ರೆಟರಿ ಬಸವರಾಜುವಿಗೆ ಹೊಟ್ಟೆಯುರಿ. ಅವನಿಗೊಬ್ಬ ಸೋದರಳಿಯ ಇದ್ದ. ಚೆನ್ನಾಗಿ ಆಡುತ್ತಿದ್ದ, ಆದರೆ ಮೆಂಬರ್ ಅಲ್ಲ. ಅವನನ್ನು ತೂರಿಸುವುದಕ್ಕೆಂದು ಬಸವರಾಜು ನೋಟೀಸಿನಲ್ಲಿ 'ಮೆಂಬರುಗಳು' ಎಂಬುದನ್ನು ತೆಗೆಸಿ 'ಕ್ಲಬ್ಬಿಗೆ ಸೇರಿದವರು ಯಾರಾದರೂ' ಎಂದು ಬರೆಸಿದ. ಮಾರನೇ ವಾರ ಸೋದರಳಿಯನಿಗೆ ಕಾಮಾಲೆ ಬಂತು. ಹುಡುಗ ಹಾಸಿಗೆ ಹಿಡಿದ. ನೋಟೀಸು ಗೋಡೆ ಹಿಡಿದುಕೊಂಡೇ ಇತ್ತು.

ಮಂಚಯ್ಯನಿಗೆ ಓದಲು ಬರುತ್ತಿತ್ತು. ಅಂಕಿ ಬರೆಯುತ್ತ ಬರೆಯುತ್ತ ಅಕ್ಷರ ಕಲಿತಿದ್ದ. ನೋಟೀಸನ್ನು ಮೂರು ದಿನ ಓದಿದ. ನಾಲ್ಕನೇ ದಿನ ಅದರಲ್ಲಿ ಹಾಸನದ ಹೆಸರಿನ ಎದುರಿಗೆ ಖಾಲಿ ಬಿಟ್ಟಿದ್ದ ಜಾಗದಲ್ಲಿ ಸೀಸದಕಡ್ಡಿಯಿಂದ ತನ್ನ ಹೆಸರು ಬರೆದ.

ಭಾನುವಾರ ನಾಲ್ಕೂ ಊರಿನವರು ಕಮಿಟಿ ಕೂತರು. ಬಸವರಾಜು, ಪಾಲಾಕ್ಷ, ಹೊಳೆನರಸೀಪುರದ ಡಾಕ್ಟರು, ಅರಕಲಗೂಡಿನ ವಕೀಲರು. ಮಂಚಯ್ಯ ಅದೇ ಹಾಲಿನಲ್ಲಿ ಟೇಬಲ್ಲಿಗೆ ಬ್ರಷ್ ಹಾಕುತ್ತಿದ್ದ. ಅವನ ಬಗ್ಗೆ ಅವನೆದುರೇ ಮಾತಾಡುವುದಕ್ಕೆ ಯಾರಿಗೂ ಸಂಕೋಚವಾಗಲಿಲ್ಲ. ಕುರ್ಚಿಯ ಎದುರು ಕುರ್ಚಿಯ ಬಗ್ಗೆ ಮಾತಾಡಲು ಯಾರಿಗೆ ಸಂಕೋಚ?

"ಏನೋ ಇದು ಮಂಚ? ಯಾರು ಬರೆದದ್ದು?" ಬಸವರಾಜು ನೋಟೀಸನ್ನು ಕಿತ್ತು ತಂದು ತೋರಿಸಿದ.

"ನಾನೇ ಸಾ."

"ಯಾಕೆ?"

"ಆಡಕ್ಕೆ ಸಾ."

ವಕೀಲರು ನಕ್ಕರು. "ಇದರಲ್ಲಿ ಚರ್ಚೆಯೇ ಇಲ್ಲ. ಆಡೋರಿಗೆ ಬೂಟ್ಸ್ ಕಡ್ಡಾಯ. ಆಳುಗಳಿಗೆ ಬೂಟ್ಸ್ ಕೂಡದು. ಅಂದ್ಮೇಲೆ ಆಳು ಆಡೋ ಪ್ರಶ್ನೆಯೇ ಏಳಲ್ಲ. ನೆಕ್ಸ್ಟ್."

"ಪಾಪ, ಬರಿಗಾಲಲ್ಲೇ ಆಡ್ಲಿ ಬಿಡ್ರೀ," ಎಂದರು ಡಾಕ್ಟರು. ಅವರು ಒಳ್ಳೆಯವರೆಂದು ಹೆಸರಾಗಿದ್ದರು. "ಚೆಂಡಿಗೇನು ಕಾಲು ಕಾಣುತ್ಯೇ? ಅವನೊಬ್ಬನಿಗೆ ರಿಯಾಯಿತಿ ಕೊಡೋಣ."

ಪಾಲಾಕ್ಷ ಮುಖ ಗಂಟಿಕ್ಕಿದ. "ಬರಿಗಾಲಿನವನ ಎದುರು ಆಡಿ ಗೆದ್ರೆ ಅದೂ ಒಂದು ಗೆಲುವಾ ಡಾಕ್ಟ್ರೇ? ಸೋತ್ರೆ ಪಟ್ಟಣದಲ್ಲಿ ತಲೆ ಎತ್ಕೊಂಡು ತಿರುಗೋಕಾಗುತ್ತಾ? ಪಂದ್ಯಕ್ಕೊಂದು ಮರ್ಯಾದೆ ಬೇಡ್ವಾ?"

"ಅದೇ ನಾನು ಹೇಳೋದು," ಎಂದರು ವಕೀಲರು. ಕೋರ್ಟಿನ ದನಿ ಬಂತು. "ಡ್ರೆಸ್ಸಿನ ರೂಲ್ ಇರೋದು ಯಾಕೆ? ಸಮಾನತೆಗೆ. ಟೇಬಲ್ ಹತ್ರ ಬಂದ್ಮೇಲೆ ಶ್ರೀಮಂತ ಬಡವ ಅಂತಿಲ್ಲ. ಎಲ್ಲರಿಗೂ ಒಂದೇ ಬಿಳಿ ಶರ್ಟು, ಒಂದೇ ಕರೀ ಟೈ, ಒಂದೇ ಕರೀ ಬೂಟ್ಸು. ಒಬ್ಬನಿಗೆ ರಿಯಾಯಿತಿ ಕೊಟ್ರೆ ಮಿಕ್ಕವರಿಗೆ ಅನ್ಯಾಯ."

ಬ್ರಷ್ಷು ನಿಂತಿತು. ಮಂಚಯ್ಯ ಟೇಬಲ್ಲಿನ ಆ ತುದಿಯಿಂದ ಮಾತಾಡಿದ. ಯಾರೂ ಕೇಳದೆ ಮಾತಾಡಿದ್ದು ಇಪ್ಪತ್ತೊಂದು ವರ್ಷದಲ್ಲಿ ಅದೇ ಮೊದಲು.

"ವಕೀಲ್ರು ಯೋಳಿದ್ದು ಸರಿಯಾಗೈತೆ ಸಾ. ಎಲ್ಲಾರ್ಗೂ ಒಂದೇ ಅಂದ್ರೆ ನಂಗೂ ಒಂದೇ. ರಿಯಾತಿ ಬ್ಯಾಡ. ನಾನೂ ಬೂಟ್ಸ್ ಆಕ್ಕಂಡೇ ಆಡ್ತೀನಿ."

ಡಾಕ್ಟರಿಗೆ ಬೇಸರವಾಯಿತು. ಕೊಟ್ಟ ಕರುಣೆಯನ್ನು ಬೇಡವೆಂದವನ ಮೇಲೆ ಕರುಣಾಳುಗಳಿಗೆ ಬರುವ ಸಿಟ್ಟು ಬೇರೆ ಯಾರಿಗೂ ಬರುವುದಿಲ್ಲ. "ನಿನ್ನ ಒಳ್ಳೇದಕ್ಕೇ ಹೇಳಿದ್ದಪ್ಪ ನಾನು. ನೀನು ಬರಿಗಾಲಲ್ಲಿ ಇದ್ದೇ ರೂಢಿ ತಾನೆ?"

"ರೂಢಿ ಅಲ್ಲ ಸಾ. ನೀವ್ ಮಾಡಿರೋ ರೂಲು."

ವಕೀಲರು ಚೇತರಿಸಿಕೊಂಡು, "ಹಾಗಾದ್ರೆ ಕೆಲಸ ಬಿಟ್ಟು ಬಾ, ಬೂಟ್ಸ್ ಹಾಕು," ಎಂದರು. ಒಂದು ಗಳಿಗೆ ಬಿಟ್ಟು, "ಆದ್ರೆ ಕೆಲಸ ಬಿಟ್ಮೇಲೆ ನೀನು ಕ್ಲಬ್ಬಿಗೆ ಸೇರಿದವನಲ್ಲ. ಆಡೋ ಹಾಗಿಲ್ಲ!" ಎಂದು ತಮ್ಮ ಜಾಣತನಕ್ಕೆ ತಾವೇ ಗಹಗಹಿಸಿದರು. ಪಾಲಾಕ್ಷನೂ ನಕ್ಕ.

ಬಸವರಾಜು ನಗಲಿಲ್ಲ. ಪಾಲಾಕ್ಷನ ನಗು ನೋಡಿದ ಮೇಲಂತೂ ಅವನಿಗೆ ಆ ಕಪ್ಪು ಇನ್ನಷ್ಟು ಬೇಕೆನಿಸಿತು. ಪಾಲಾಕ್ಷನನ್ನು ಸೋಲಿಸುವ ತಾಕತ್ತಿರುವವನು ಯಾರೆಂದು ಅವನಿಗೆ ಗೊತ್ತಿತ್ತು. ಹಿಂದೆ ಹಾಸನಕ್ಕೆ ಬಂದಾಗಲೆಲ್ಲ ಪಾಲಾಕ್ಷನಿಗೆ ಆಟ ಹೇಳಿಕೊಟ್ಟವನೇ ಮಂಚಯ್ಯ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಯೋಚಿಸಿ ಬಸವರಾಜು ತೀರ್ಪು ಕೊಟ್ಟ. "ಆಡೋವಷ್ಟು ಹೊತ್ತು ಬೂಟ್ಸ್ ಹಾಕ್ಲಿ. ಆಟ ಮುಗಿದ ತಕ್ಷಣ ವರಾಂಡಕ್ಕೆ ಹೋಗಿ ಬಿಚ್ಚಬೇಕು. ಬೇರೆಯವರ ಆಟಕ್ಕೆ ಬರಿಗಾಲಲ್ಲಿ ಮಾರ್ಕ್ ಮಾಡ್ಬೇಕು. ಡ್ರೆಸ್ ಪೂರ್ತಿ ಇರ್ಬೇಕು ಮಂಚ. ಒಂದು ಗುಂಡಿ ಕಮ್ಮಿಯಾದ್ರೂ ಆಟ ಇಲ್ಲ."

ಒಪ್ಪಿದರು. ಹೊಲಗೇರಿಯವನು ಟೈ ಬೂಟು ಎಲ್ಲಿಂದ ತಂದಾನು ಎಂಬ ಧೈರ್ಯದ ಮೇಲೆ ಒಪ್ಪಿದರು.

ತಿಂಗಳು ಟೈಮಿತ್ತು. ಮಂಚಯ್ಯನ ಹಟ್ಟಿಯ ಮುಂದೆ ಕಟ್ಟಿದ್ದ ಎರಡು ಆಡು ಕಾಣೆಯಾದವು. ಟೈ ಕಟ್ಟುವುದನ್ನು ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಕುಡಿದು ತೂರಾಡುವ ಸಾಹೇಬರುಗಳ ಕೊರಳಿಗೆ ಎಷ್ಟು ಸಲ ಕಟ್ಟಿದ್ದನೋ! ಬೂಟಿಗೆ ಮಾತ್ರ ಕಷ್ಟವಾಯಿತು. ಅಂಗಡಿಯ ಯಾವ ಬೂಟೂ ಅವನ ಕಾಲಿಗೆ ಹತ್ತಲಿಲ್ಲ. ಹುಟ್ಟಿದಾಗಿನಿಂದ ಬರಿಗಾಲಲ್ಲಿ ನಡೆದ ಪಾದ ಅಗಲವಾಗಿರುತ್ತದೆ, ಬೆರಳು ಒಂದೊಂದೂ ಬೇರೆ ಬೇರೆ ದಿಕ್ಕು ನೋಡುತ್ತದೆ. ಕೊನೆಗೆ ಬಸ್ ಸ್ಟ್ಯಾಂಡಿನ ಹತ್ತಿರ ಕೂರುವ ಚಂದ್ರಯ್ಯನ ಬಳಿ ಹೋದ. ವಕೀಲರಿಂದ ಹಿಡಿದು ಬಸವರಾಜುವಿನವರೆಗೆ ಎಲ್ಲರ ಬೂಟು ಹೊಲಿದವನು ಚಂದ್ರಯ್ಯ. ಅವನ ಕಾಲಲ್ಲೂ ಏನಿರಲಿಲ್ಲ.

"ಯಾರ್ ಕಾಲ್ಗಣ್ಣ?"

"ನನ್ ಕಾಲ್ಗೇ."

ಚಂದ್ರಯ್ಯ ತಲೆ ಎತ್ತಿ ನೋಡಿದ. ಆಮೇಲೆ ಮಂಚಯ್ಯನ ಪಾದವನ್ನು ಎತ್ತಿ ತನ್ನ ತೊಡೆಯ ಮೇಲೆ ಇಟ್ಟುಕೊಂಡು, ಕಾಗದ ಹಾಸಿ, ಸುತ್ತ ಗೆರೆ ಎಳೆದ. "ಕೆರ ಒಲ್ದೀನಿ, ಜೋಡ್ ಒಲ್ದೀನಿ. ನಮ್ಮೋರ ಕಾಲ್ಗೆ ಬೂಟ್ಸು ಇದೇ ಮೊದ್ಲು ಕಣಣ್ಣ. ಕೆಡಸಾಕಿಲ್ಲ, ಓಗು."

ಕೆಡಿಸಲಿಲ್ಲ. ಆದರೂ ಹೊಸ ಚರ್ಮ ಹೊಸ ಚರ್ಮವೇ. ಮಂಚಯ್ಯ ಹಟ್ಟಿಯೊಳಗೆ ನುಲಿಯ ಮಂಚವನ್ನು ನಡುವಿಗೆ ಎಳೆದು, ಅದನ್ನೇ ಟೇಬಲ್ ಮಾಡಿಕೊಂಡು, ಕೈಯಲ್ಲೊಂದು ಕೋಲು ಹಿಡಿದು ಸುತ್ತತೊಡಗಿದ. ಬಗ್ಗುವುದು, ಏಳುವುದು, ಸುತ್ತುವುದು. ಇಷ್ಟು ವರ್ಷ ಅವನ ಕಾಲ ಬೆರಳು ನೆಲವನ್ನು ಕಚ್ಚಿ ಹಿಡಿಯುತ್ತಿದ್ದವು. ಈಗ ಕಾಲ ಕೆಳಗೆ ನೆಲವೇ ಇಲ್ಲದಂತಾಗಿತ್ತು. ಹಿಮ್ಮಡಿಯ ಚರ್ಮ ಸುಲಿದು ರಕ್ತ ಬಂತು. ಹರಳೆಣ್ಣೆ ಹಚ್ಚಿ ಮತ್ತೆ ಹಾಕಿದ. ನಡೆದರೆ ಟಕ್ ಟಕ್ ಎನ್ನುತ್ತಿತ್ತು. ತನ್ನ ನಡಿಗೆಗೂ ಒಂದು ಸದ್ದಿದೆ ಎಂಬುದು ಅವನಿಗೆ ನಲವತ್ತನೇ ವಯಸ್ಸಿನಲ್ಲಿ ಗೊತ್ತಾಯಿತು.

ಹೆಂಡತಿ ಹೊನ್ನಕ್ಕ ಮೊದಲ ದಿನ ಬಿದ್ದು ಬಿದ್ದು ನಕ್ಕಳು. ರಕ್ತ ಕಂಡ ದಿನ ಸಿಟ್ಟಾದಳು.

"ಆಡ್ ಮಾರ್ಬುಟ್ಟು ಕಾಲ್ಗೆ ಗಾಯ ತಕ್ಕಂಡ್ಯಲ್ಲ, ನಿಂಗೇನ್ ಗಾಳಿ ಗೀಳಿ ಮೆಟ್ಕತಾ? ಗೆದ್ರೆ ಏನ್ ಕೊಟ್ಟಾರು?"

"ಕಪ್ಪು."

"ಅದ್ರಾಗೆ ಇಟ್ ತೊಳಸಕ್ಕಾಯ್ತದಾ?"

"ಆಗಕ್ಕಿಲ್ಲ."

"ಮತ್ಯಾಕೆ?"

ಮಂಚಯ್ಯ ಮಂಚದ ಮೇಲೆ ಕೂತ. "ಇಪ್ಪತ್ತೊಂದ್ ವರ್ಸ ಬೇಕಂತ ಸೋತೀನಿ ಕಣಮ್ಮಿ. ಕುಡ್ದೋರ್ ಕೈಲಿ ಸೋತೀನಿ, ಕೋಲ್ ಇಡಿಯಕ್ ಬರ್ದೋರ್ ಕೈಲಿ ಸೋತೀನಿ. ಸೋತು 'ಭೇಷ್ ಆಡುದ್ರಿ ಸಾ' ಅಂದೀನಿ. ಒಂದ್ ದಪ ಸೋಲ್ದಂಗೆ ಆಡ್ಬೇಕು. ಗೆದ್ದೋನು ನೀನು ಅಂತ ಅವ್ರು ನನ್ ಕೈಗೆ ಕೊಡ್ಬೇಕು. ಅಷ್ಟೇಯ."

ಹೊನ್ನಕ್ಕ ಎದ್ದು ಹೋಗಿ ಹಳೆಯ ಸೀರೆಯ ಅಂಚು ಹರಿದು ತಂದು ಅವನ ಹಿಮ್ಮಡಿಗೆ ಸುತ್ತಿದಳು.

ಕ್ಲಬ್ಬಿನಲ್ಲಿ ಗಂಗಯ್ಯನೂ ಬಿಡಲಿಲ್ಲ. ಮಂಚಯ್ಯ ಆಡುವಾಗ ಅಂಕ ಕೂಗಲು ಇನ್ನೊಬ್ಬ ಬೇಕಲ್ಲ, ಅದು ಗಂಗಯ್ಯನ ತಲೆಗೆ ಬಂದಿತ್ತು. ಮಂಚಯ್ಯ ದಿನಾ ಮಧ್ಯಾಹ್ನ ಅವನಿಗೆ ಹೇಳಿಕೊಡುತ್ತಿದ್ದ. ಆಟ ಮೂರು ಚೆಂಡಿನದು, ಎರಡು ಬಿಳಿ, ಒಂದು ಕೆಂಪು. ನಿನ್ನ ಚೆಂಡು ಬೇರೆ ಎರಡಕ್ಕೂ ತಗುಲಿದರೆ ಎರಡು ಅಂಕ. ಕೆಂಪು ಬಲೆಗೆ ಬಿದ್ದರೆ ಮೂರು. ಇನ್ನೂರು ಮೊದಲು ಮುಟ್ಟಿದವನು ಗೆದ್ದ. ಗಂಗಯ್ಯ ಬೇಗ ಕಲಿತ. ಕಲಿಯುತ್ತಲೇ ಗೊಣಗುತ್ತಿದ್ದ. "ಒಟ್ಟೆಗಿಟ್ಟಿಲ್ದಿದ್ರೂ ಜುಟ್ಗೆ ಮಲ್ಗೆ ಊವಂತೆ. ಸುಮ್ಕಿರಣ್ಣ. ಅವ್ರು ಬೂಟ್ಸ್ ಆಕಂತಾರೆ, ನಾವ್ ಪಾಲಿಸ್ ಆಕದು. ನಿನ್ ದೆಸೆಯಿಂದ ನನ್ ಕೆಲ್ಸಕ್ಕೂ ಸಂಚಕಾರ ತತ್ತೀಯ."

ಪಂದ್ಯದ ದಿನ ಬೆಳಿಗ್ಗೆ ಮಂಚಯ್ಯ ಬರಿಗಾಲಲ್ಲಿ ಬಂದು ಟೇಬಲ್ಲಿಗೆ ಬ್ರಷ್ ಹಾಕಿದ, ಇಸ್ತ್ರಿ ಮಾಡಿದ, ಚೆಂಡುಗಳನ್ನು ಒರೆಸಿದ. ತಾನು ಆಡುವ ಟೇಬಲ್ಲನ್ನು ತಾನೇ ಉಜ್ಜಿದ. ಆಮೇಲೆ ವರಾಂಡಕ್ಕೆ ಹೋಗಿ, ಎಲೆಯಡಿಕೆ ಉಗುಳುವ ಡಬ್ಬದ ಪಕ್ಕ ನೆಲದ ಮೇಲೆ ಕೂತು ಬೂಟು ಹಾಕಿದ. ಅಲ್ಲೇ ಹಾಕಬೇಕೆಂದು ಜಾಗ ತೋರಿಸಿದ್ದರು. ಬಸವರಾಜು ಬಂದು ಮೇಲಿನಿಂದ ಕೆಳಗೆ ನೋಡಿದ. ಅಂಗಿಯ ಗುಂಡಿ ಎಣಿಸಿದ. ಬಾಯಿ ತೆರೆಸಿ ಹಲ್ಲೊಂದು ನೋಡಲಿಲ್ಲ, ಅಷ್ಟೇ. ದನದ ಜಾತ್ರೆಯಲ್ಲಿ ಅದನ್ನೂ ನೋಡುತ್ತಾರೆ.

ಮೊದಲ ಆಟ ಅರಕಲಗೂಡಿನ ವಕೀಲರ ಜೊತೆ. ವಕೀಲರು ಎಪ್ಪತ್ತು ಮುಟ್ಟುವಷ್ಟರಲ್ಲಿ ಮಂಚಯ್ಯ ಇನ್ನೂರು ಮುಟ್ಟಿದ. "ಟೇಬಲ್ ಸರಿಯಿಲ್ಲ," ಎಂದರು ವಕೀಲರು. ಕುಣಿಯಲಾರದವಳು ನೆಲ ಡೊಂಕು ಎಂದಳಂತೆ.

"ಮಂಚ, ಬಿಚ್ಚು," ಎಂದ ಬಸವರಾಜು. ಮಂಚಯ್ಯ ವರಾಂಡಕ್ಕೆ ಹೋದ. ಬೂಟಿನ ಲಾಡಿ ಬಿಚ್ಚಿದ. ಕಾಲುಚೀಲ ಗಾಯಕ್ಕೆ ಅಂಟಿಕೊಂಡಿತ್ತು, ಎಳೆದರೆ ಚರ್ಮದ ಜೊತೆಗೇ ಬಂತು. ಟೈ ಬಿಚ್ಚಿ ಮಾರ್ಕರನ ಬಿಳಿ ಕೋಟು ತೊಟ್ಟು ಒಳಗೆ ಬಂದು, ಪಾಲಾಕ್ಷ ಮತ್ತು ಡಾಕ್ಟರ ಆಟಕ್ಕೆ ಅಂಕ ಕೂಗಿದ. ಹೆಜ್ಜೆ ಇಟ್ಟ ಕಡೆ ನೆಲದ ಮೇಲೆ ಸಣ್ಣ ಕೆಂಪು ಕಲೆಗಳು ಬಿದ್ದವು. ಬಸವರಾಜು ಅದನ್ನು ನೋಡಿದ. "ಏನೋ ಇದು ಗಲೀಜು? ಒರೆಸು," ಎಂದ. ಮಂಚಯ್ಯ ತನ್ನ ರಕ್ತವನ್ನು ತಾನೇ ಕೂತು ಒರೆಸಿದ. ಪಾಲಾಕ್ಷ ಗೆದ್ದ.

ಮಧ್ಯಾಹ್ನ ಮೂರಕ್ಕೆ ಕೊನೆಯ ಆಟ. ಮೈಸೂರಿನಿಂದ ದೊಡ್ಡ ಅಧಿಕಾರಿಯೊಬ್ಬರು ಕಪ್ಪು ಕೊಡಲು ಬಂದಿದ್ದರು. ಮೆಂಬರುಗಳೆಲ್ಲ ಕುರ್ಚಿ ಹಾಕಿಕೊಂಡು ಕೂತಿದ್ದರು. ಬಸವರಾಜುವೇ ಅಂಪೈರ್. ಗಂಗಯ್ಯ ಹಲಗೆಯ ಹತ್ತಿರ ಬರಿಗಾಲಲ್ಲಿ ನಿಂತಿದ್ದ. ಮಂಚಯ್ಯ ಮತ್ತೆ ಆ ಉಗುಳಿನ ಡಬ್ಬದ ಪಕ್ಕ ಕೂತು ಗಾಯದ ಮೇಲೆ ಬೂಟು ಎಳೆದುಕೊಂಡು ಬಂದ.

ಪಾಲಾಕ್ಷ ಚೆನ್ನಾಗಿಯೇ ಆಡಿದ. ಅವನು ನೂರಿಪ್ಪತ್ತು ದಾಟಿದಾಗ ಮಂಚಯ್ಯ ಐವತ್ತರಲ್ಲಿದ್ದ. ಆಮೇಲೆ ಮಂಚಯ್ಯನ ಕೋಲು ಕುದುರಿತು. ಅರವತ್ತು, ಎಪ್ಪತ್ತು, ತೊಂಬತ್ತು. ತೊಂಬತ್ತಾರರಲ್ಲಿ ಕೆಂಪು ಚೆಂಡನ್ನು ಹೊಡೆದ. ಚೆಂಡು ಉದ್ದಕ್ಕೂ ಉರುಳಿ ಮೂಲೆಯ ಬಲೆಗೆ ಬಿತ್ತು. ತೊಂಬತ್ತೊಂಬತ್ತು.

ಆಗ ಅವನ ಕೈ ಅವನನ್ನು ಕೇಳದೆ ಒಂದು ಕೆಲಸ ಮಾಡಿತು. ನಾಲ್ಕು ಹೆಜ್ಜೆ ನಡೆದು, ಬಗ್ಗಿ, ಬಲೆಯಿಂದ ಚೆಂಡು ತೆಗೆದು, ಅಂಗಿಯ ತೋಳಿಗೆ ಒರೆಸಿ, ಅದರ ಜಾಗದಲ್ಲಿ ಇಟ್ಟುಬಿಟ್ಟ. ಇಪ್ಪತ್ತೊಂದು ವರ್ಷ ದಿನಕ್ಕೆ ನೂರು ಸಲ ಮಾಡಿದ ಕೆಲಸ. ಇಟ್ಟ ಮೇಲೆ ಗೊತ್ತಾಯಿತು.

"ಫೌಲ್!" ಎಂದು ಕೂಗಿದ ಬಸವರಾಜು. ತನ್ನೂರಿನ ಆಟಗಾರನಾದರೇನು, ಕಾನೂನು ಕಾನೂನು. ಆಡುವವನು ಚೆಂಡು ಮುಟ್ಟಬಾರದು. ಪಾಲಾಕ್ಷನಿಗೆ ಎರಡು ಅಂಕ, ಸರದಿಯೂ ಅವನಿಗೇ.

ಹಾಲು ಬಿರಿದುಹೋಗುವಂತೆ ನಕ್ಕರು. ಹಾಸನದವರೂ ನಕ್ಕರು. ಡಾಕ್ಟರು ಕರವಸ್ತ್ರದಲ್ಲಿ ಬಾಯಿ ಮುಚ್ಚಿಕೊಂಡು ನಕ್ಕರು. "ಬೂಟ್ಸ್ ಹಾಕಿದ್ರೇನು, ಕೈ ಅದೇ ಅಲ್ವೇನ್ರೀ," ಎಂದರು ವಕೀಲರು. ಪಾಲಾಕ್ಷ ಕೋಲಿಗೆ ಸೀಮೆಸುಣ್ಣ ಉಜ್ಜುತ್ತ, "ರಕ್ತದಲ್ಲಿ ಬಂದದ್ದು, ಎಲ್ಲಿ ಹೋಗುತ್ತೆ," ಎಂದ.

ಮಂಚಯ್ಯನ ಕಿವಿ ಕಾದವು. ಯಾವ ರಕ್ತ? ಬೆಳಿಗ್ಗೆ ನೆಲದ ಮೇಲೆ ಒರೆಸಿದೆನಲ್ಲ, ಆ ರಕ್ತವೇ? ಅದರಲ್ಲಿ ಚೆಂಡು ಎತ್ತುವುದು ಬಂದಿರಲಿಲ್ಲ. ಅದನ್ನು ನೀವು ತುಂಬಿದಿರಿ. ದಿನಾ ತುಂಬಿದಿರಿ. ಹೀಗೆಲ್ಲ ಕೂಗಬೇಕೆನಿಸಿತು. ಕೂಗಲಿಲ್ಲ. ಗೋಡೆಗೆ ಬೆನ್ನು ತಾಗಿಸದೆ ನಿಂತು, ಪಾಲಾಕ್ಷ ನೂರ ಎಂಬತ್ತೆಂಟು ಮುಟ್ಟುವವರೆಗೂ ನೋಡಿದ. ಅಲ್ಲಿ ಪಾಲಾಕ್ಷನ ಚೆಂಡು ಕೂದಲೆಳೆಯಲ್ಲಿ ತಪ್ಪಿತು.

ಮಂಚಯ್ಯ ಟೇಬಲ್ಲಿಗೆ ಬಂದ. ಗೆಲ್ಲಲು ನೂರೊಂದು ಬೇಕು. ಮೊದಲ ಕೆಂಪು ಬಲೆಗೆ ಬಿದ್ದಾಗ ಅವನ ಎಡಗೈ ಮತ್ತೆ ಮುಂದೆ ಹೊರಟಿತು. ಅದನ್ನು ಹಿಂದಕ್ಕೆ ಎಳೆದು ಸೊಂಟದ ಬೆಲ್ಟಿಗೆ ಸಿಕ್ಕಿಸಿಕೊಂಡ. ಗಂಗಯ್ಯ ಬಂದು ಚೆಂಡು ತೆಗೆದಿಟ್ಟ. ಪ್ರತಿ ಸಲವೂ ಹೀಗೇ. ಹೊಡೆಯುವುದು, ಕೈಯನ್ನು ಬೆಲ್ಟಿಗೆ ಕಟ್ಟುವುದು, ಕಾಯುವುದು. ಬೂಟಿನೊಳಗೆ ಹಿಮ್ಮಡಿ ಒದ್ದೆಯಾಗಿ ಜಾರುತ್ತಿತ್ತು. ನೂರ ಮೂವತ್ತು. ನಗು ನಿಂತಿತು. ನೂರ ಅರವತ್ತು. ಯಾರೋ ಸಿಗರೇಟು ಹಚ್ಚಲು ಕಡ್ಡಿ ಗೀರಿ ಹಾಗೇ ಮರೆತರು. ಗಂಗಯ್ಯನ ದನಿ ಒಂದೊಂದು ಅಂಕಕ್ಕೂ ಗಟ್ಟಿಯಾಗುತ್ತ ಹೋಯಿತು. ನೂರ ತೊಂಬತ್ತೈದು. ನೂರ ತೊಂಬತ್ತೇಳು. ಕೊನೆಯ ಕೆಂಪು ನಿಧಾನವಾಗಿ ಹೋಗಿ ಬಲೆಯ ಬಾಯಲ್ಲಿ ಒಂದು ಕ್ಷಣ ನಿಂತು ಬಿತ್ತು.

"ಇನ್ನೂರು!" ಎಂದು ಗಂಗಯ್ಯ ಚೀರಿದ.

ಹಾಸನದ ಮೆಂಬರುಗಳು ಎದ್ದು ಚಪ್ಪಾಳೆ ತಟ್ಟಿದರು. ಬಸವರಾಜುವಿನ ಕೈ ಕುಲುಕಿದರು. ಒಬ್ಬರನ್ನೊಬ್ಬರು ತಬ್ಬಿಕೊಂಡರು. ಹಾಸನ ಗೆದ್ದಿತು ಎಂದರು. ಮಂಚಯ್ಯ ಗೆದ್ದ ಎಂದು ಒಬ್ಬನೂ ಹೇಳಲಿಲ್ಲ. ಮಂಚಯ್ಯ ಕೋಲು ಹಿಡಿದು ಕಪ್ಪಿನ ಕಡೆ ನೋಡುತ್ತ ನಿಂತಿದ್ದ.

ಬಸವರಾಜು ಹತ್ತಿರ ಬಂದು ದನಿ ತಗ್ಗಿಸಿದ. "ಭೇಷ್ ಕಣೋ. ಈಗ ಓಡು, ಬೂಟ್ಸು ಟೈ ಬಿಚ್ಚಿಟ್ಟು ನಿನ್ ಬಿಳೀ ಕೋಟು ಹಾಕ್ಕೊಂಡು ಬಾ. ಸಾಹೇಬ್ರು ಕಪ್ ಕೊಡ್ತಾರೆ."

"ಬೂಟ್ಸ್ ಯಾಕ್ ಸಾ ಬಿಚ್ಬೇಕು?"

"ಆಟ ಮುಗೀತಲ್ಲ. ಆಟ ಮುಗಿದ್ಮೇಲೆ ನೀನು ಮಾರ್ಕರ್. ಮಾತು ಆಗಿತ್ತಲ್ಲ? ಫೋಟೋ ಬೇರೆ ತೆಗೀತಾರೆ. ಬೇಗ."

ಮಂಚಯ್ಯ ಬೂಟು ನೋಡಿಕೊಂಡ. ಬಿಚ್ಚುವುದಕ್ಕೆ ಎರಡು ನಿಮಿಷ. ಬೆಳಿಗ್ಗೆಯಿಂದ ಅದನ್ನೇ ಮಾಡಿದ್ದ. ಇದೊಂದು ಸಲ ಬಿಚ್ಚಿದರೆ ಕಪ್ಪು ಕೈಗೆ ಬರುತ್ತದೆ, ಕೆಲಸ ಉಳಿಯುತ್ತದೆ. ಆದರೆ ಆ ಕಪ್ಪನ್ನು ತೆಗೆದುಕೊಳ್ಳುವವನು ಚೆಂಡು ಎತ್ತುವ ಮಂಚ. ಗೆದ್ದವನು ವರಾಂಡದಲ್ಲಿ ಉಗುಳಿನ ಡಬ್ಬದ ಪಕ್ಕ ಬಿದ್ದಿರುತ್ತಾನೆ. ಇಪ್ಪತ್ತೊಂದು ವರ್ಷ ಸೋತದ್ದು ಸಾಲದೆಂದು, ಗೆದ್ದ ಮೇಲೂ ಸೋತು ತೋರಿಸು ಎನ್ನುತ್ತಿದ್ದಾರೆ ಈ ಜನ.

"ಬಿಚ್ಚಕ್ಕಿಲ್ಲ ಸಾ."

"ಏನಂದೆ?"

"ಬಿಚ್ಚಕ್ಕಿಲ್ಲ. ಬೂಟ್ಸ್ ಆಕ್ಕಂಡು ಗೆದ್ದೋನು ನಾನು. ಬೂಟ್ಸ್ ಆಕ್ಕಂಡೇ ತಕ್ಕತೀನಿ."

ವಕೀಲರು ಎದ್ದು ಬಂದರು. "ಏಯ್, ರೂಲ್ ಗೊತ್ತಿಲ್ವೇನೋ? ಆಟ ಮುಗಿದ್ಮೇಲೆ..."

"ಪಾಲಾಕ್ಷಪ್ನೋರ್ದೂ ಆಟ ಮುಗೀತು ಸಾ," ಎಂದ ಮಂಚಯ್ಯ. ದನಿ ಏರಿತು, ಹಾಲಿನ ಮೂಲೆಗೂ ಕೇಳಿತು. "ಅವ್ರಿಗೂ ಬಿಚ್ಚಕ್ಕೇಳಿ. ನಿಮ್ದೂ ಬೆಳಗ್ಗೇಲೇ ಮುಗೀತು. ನೀವೂ ಬಿಚ್ಚಿ. ಎಲ್ಲಾರ್ಗೂ ಒಂದೇ ಅಂದ್ರಲ್ಲ? ಎಲ್ಲಾ ಬಿಚ್ಚಾಣ ಬನ್ನಿ. ಆ ಉಗುಳೋ ಡಬ್ಬದ್ ತಾವ ಎಲ್ಲಾ ಸಾಲಾಗ್ ಕುಂತ್ಕಂಡು ಬಿಚ್ಚಾಣ. ಆಗ ನಾನೂ ಬಿಚ್ತೀನಿ."

ಪಾಲಾಕ್ಷನ ಮುಖ ಕಪ್ಪಿಟ್ಟಿತು. ಡಾಕ್ಟರು ಓಡಿ ಬಂದು ಮಂಚಯ್ಯನ ತೋಳು ಹಿಡಿಯಲು ಹೋಗಿ ಹಿಡಿಯಲಿಲ್ಲ. "ಎರಡು ನಿಮಿಷದ ಕೆಲಸ ಕಣಯ್ಯಾ. ಇಷ್ಟಕ್ಕೆಲ್ಲ ಹಟ ಮಾಡಿ ಕೆಲಸ ಯಾಕೆ ಕಳ್ಕೊಳ್ತೀಯಾ?"

"ಇಷ್ಟಕ್ಕೇ ಸಾ. ಇಷ್ಟೂ ಬಿಟ್ರೆ ನಂಗೇನ್ ಉಳೀತದೆ?"

"ನಿನ್ನ ಕೆಲಸ ಇವತ್ತಿಗೆ ಮುಗೀತು," ಎಂದ ಬಸವರಾಜು. "ಕಪ್ಪು ಕ್ಲಬ್ಬಿಂದು. ನಿಮ್ಮಪ್ಪಂದಲ್ಲ. ಆಚೆ ನಡಿ."

ಕಪ್ಪನ್ನು ಬಸವರಾಜುವೇ ಹೋಗಿ ತೆಗೆದುಕೊಂಡ. ಅಧಿಕಾರಿ ನಕ್ಕರು, ಇವನೂ ನಕ್ಕ, ಕ್ಯಾಮರಾ ಬೆಳಗಿತು. ಒಂದು ಅಂಕವನ್ನೂ ಹೊಡೆಯದ ಕೈಗಳು ಎರಡೂ ಆ ಬೆಳ್ಳಿಯನ್ನು ಬಿಗಿಯಾಗಿ ಹಿಡಿದಿದ್ದವು. ಮಂಚಯ್ಯ ಎಲ್ಲವನ್ನೂ ನೋಡಿದ. ನೋಡದೆ ಹೋಗಬಾರದು ಎಂದು ನಿಂತು ನೋಡಿದ. ಎದೆಯಲ್ಲಿ ಬೆಂಕಿ ಇತ್ತು, ನಾಚಿಕೆ ಇರಲಿಲ್ಲ. ಆಮೇಲೆ ಕೋಲನ್ನು ಟೇಬಲ್ಲಿನ ಮೇಲೆ ಅಡ್ಡ ಮಲಗಿಸಿ ಬಾಗಿಲ ಕಡೆ ನಡೆದ. ಟಕ್, ಟಕ್, ಟಕ್. ಯಾರೂ ತಡೆಯಲಿಲ್ಲ.

ಹಾಲಿನಲ್ಲಿದ್ದವರ ಮುಖ ಹುಳ್ಳಗಾಗಿತ್ತು. ಅಧಿಕಾರಿ ಕೋಲೊಂದನ್ನು ಎತ್ತಿಕೊಂಡು, "ಬಿಡಿ, ಇದೆಲ್ಲ ಇದ್ದದ್ದೇ. ಪಾಲಾಕ್ಷ, ಬನ್ನಿ, ನಾವೊಂದು ಆಟ ಆಡೋಣ," ಎಂದರು.

"ಗಂಗಯ್ಯ, ಮಾರ್ಕ್ ಮಾಡು," ಎಂದ ಬಸವರಾಜು.

ಗಂಗಯ್ಯ ಹಲಗೆಯ ಹತ್ತಿರವೇ ನಿಂತಿದ್ದ. ಬಾಗಿಲಾಚೆ ಹೋಗುತ್ತಿದ್ದ ಮಂಚಯ್ಯನ ಬೆನ್ನು ನೋಡಿದ. ತನ್ನ ಕಾಲು ನೋಡಿಕೊಂಡ.

"ನಂಗೆ ಎಣ್ಸಕ್ ಬರಾಕಿಲ್ಲ ಸಾ."

"ಈಗ ತಾನೇ ಇನ್ನೂರರ ತನಕ ಎಣಿಸಿದ್ಯಲ್ಲೋ ಬೇವಾರ್ಸಿ!"

"ಅದ್ ಮಂಚಣ್ಣ ಆಡ್ತಿದ್ದಕ್ ಬಂತು ಸಾ. ಈಗ ಬರಾಕಿಲ್ಲ." ಹೆಗಲ ಮೇಲಿನ ಬೇರರನ ಬಿಳಿ ಟವಲನ್ನು ಮಡಿಸಿ ಹೂಜಿಯ ಮೇಲೆ ಇಟ್ಟು ಅವನೂ ಹೊರಟ.

ಮಂಚಯ್ಯ ವರಾಂಡದ ಕಂಬ ಹಿಡಿದು ನಿಂತು ಗಾಯದ ಕಾಲನ್ನು ಒಂದಿಷ್ಟು ಸಡಿಲ ಮಾಡಿಕೊಳ್ಳುತ್ತಿದ್ದ. ಗಂಗಯ್ಯ ಬಂದು ಪಕ್ಕ ನಿಂತ. ಒಳಗೆ ಆಟ ಶುರುವಾಗಿತ್ತು. ಕೋಲು ತಾಗಿದ ಸದ್ದು, ಚೆಂಡಿಗೆ ಚೆಂಡು ಬಡಿದ ಸದ್ದು, ಬಲೆಗೆ ಬಿದ್ದ ಸದ್ದು. ಸ್ವಲ್ಪ ಹೊತ್ತಿಗೆ ಜಗಳದ ಸದ್ದು.

"ಒಂಬತ್ತಾಯ್ತು ಸಾರ್ ನಿಮ್ಮದು."

"ಒಂಬತ್ತೇನ್ರೀ, ಹದಿಮೂರು!"

"ಎಲ್ಲಿಂದ ಬಂತು ಹದಿಮೂರು? ವಕೀಲ್ರೇ, ನೀವು ನೋಡಿದ್ರಾ?"

"ನಾನು ಎಣಿಸ್ಲಿಲ್ಲಪ್ಪ. ಬಸವರಾಜು, ನೀವು ತಾನೇ ಅಂಪೈರು?"

"ಅಂಪೈರ್ ಎಣಿಸಲ್ಲ ಕಣ್ರೀ, ಮಾರ್ಕರ್ ಎಣಿಸೋದು!"

ಗಂಗಯ್ಯ ಮಂಚಯ್ಯನ ಕಡೆ ತಿರುಗಿದ. "ಎಷ್ಟಣ್ಣ?"

ಮಂಚಯ್ಯ ಬೇಡವೆಂದರೂ ಕಿವಿ ಎಣಿಸಿಬಿಟ್ಟಿತ್ತು. "ಅನ್ನೊಂದು."

"ಓಗಿ ಯೋಳ್ಬುಟ್ ಬರ್ಲಾ?"

"ಬ್ಯಾಡ ಕಣ್ಲಾ," ಎಂದು ಮಂಚಯ್ಯ ಮುಂಬಾಗಿಲ ಮೆಟ್ಟಿಲು ಇಳಿಯತೊಡಗಿದ. "ಕಚ್ಚಾಡ್ಕಂಡ್ ಸಾಯ್ಲಿ. ಅವ್ರೂ ಎಣ್ಸಾದ್ ಕಲೀಲಿ."